ಹಾಳು ಗಿರಣಿಯಲ್ಲಿ ಹೆಜ್ಜೆ ಎಣಿಸುವ ಅನ್ನವ್ವ

ರಾತ್ರಿ ಹನ್ನೊಂದು ದಾಟಿದೆ. ಹಿಂದುಗಡೆ ಎಲ್ಲೋ ತಗಡೊಂದು ಕಿರ್ರೆಂದು ಸುಮ್ಮನಾಗುತ್ತದೆ. ಗೇಟಿನ ಪಕ್ಕದ ಕೋಣೆಯಲ್ಲಿ ಮಲಗಿದ್ದ ಅನ್ನವ್ವ ಎದ್ದು ಕೂರುತ್ತಾರೆ. ಗಾಳಿಯಾಗಿದ್ದರೆ ಮತ್ತೊಮ್ಮೆ ಕಿರ್ರೆನ್ನಬೇಕು. ಮುಳ್ಳುಹಂದಿಯಾಗಿದ್ದರೆ ಕೆರೆಯುವ ಸದ್ದು ಬರಬೇಕು. ಎರಡೂ ಇಲ್ಲ. ಇನ್ನು ನಿದ್ದೆಯೂ ಇಲ್ಲ. ಆ ಇಪ್ಪತ್ತೆರಡು ಎಕರೆ ಕತ್ತಲೊಳಗೆ ಹೋಗಿ ನೋಡುವ ಹಾಗಿಲ್ಲ, ನೆಲದಲ್ಲಿ ಅಲ್ಲಲ್ಲಿ ಬಾಯಿ ತೆರೆದ ಗುಂಡಿಗಳಿವೆ. ಅವರು ಗೋಡೆಗೊರಗಿ ಬೆಳಕಿಗಾಗಿ ಕಾಯುತ್ತಾರೆ.

ಬೆಳಕು ಹರಿಯುತ್ತಿದ್ದಂತೆ ಅವರ ಕೆಲಸ ಶುರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲೊಂದು ಬಡಿಗೆ ಹಿಡಿದು ಕಂಪೌಂಡಿನ ಗುಂಟ ಹೊರಡುತ್ತಾರೆ. ಗೋಡೆ ಐದು ಕಡೆ ಬಿದ್ದಿದೆ. ಒಂದೊಂದು ಸಂದಿಯ ಮುಂದೆಯೂ ಬಗ್ಗಿ ನಿಂತು ಮಣ್ಣು ನೋಡುತ್ತಾರೆ. "ಇದು ನಾಯಿ. ಇದು ಮುಂಗುಲಿ, ದಿನಾ ಬರ್ತೈತಿ. ಇದು ಎಮ್ಮಿ ಕಾಯಾಂವನ ಚಪ್ಪಲಿ. ಹೋಗ್ಯಾನ... ಇಲ್ಲಿ ನೋಡ್ರಿ, ತಿರುಗಿ ಬಂದಾನ. ಸಾಕು, ಮುಂದ ನಡೀರಿ."

ಪ್ರತಿ ಸಂಜೆ ಕಡ್ಡಿ ಕಸಬರಿಗೆ ಹಿಡಿದು ಈ ಐದೂ ಸಂದಿಗಳ ಮುಂದಿನ ಮಣ್ಣನ್ನು ಹಾಸಿದ ಬಟ್ಟೆಯಂತೆ ಸಪಾಟು ಮಾಡುತ್ತಾರೆ. ಬೆಳಿಗ್ಗೆ ಅದರ ಮೇಲೆ ಮೂಡಿದ ಹೆಜ್ಜೆಗಳನ್ನು ಎಣಿಸುತ್ತಾರೆ. ಒಳಗೆ ಹೋದ ಜೋಡಿ ಎಷ್ಟು, ಹೊರಗೆ ಬಂದ ಜೋಡಿ ಎಷ್ಟು? ಎರಡೂ ಸಮನಾದರೆ ಒಲೆ ಹೊತ್ತಿಸಿ ಚಹಾ ಇಡುತ್ತಾರೆ. ಇದನ್ನು ಯಾರೂ ಕಲಿಸಿದ್ದಲ್ಲ. "ಮಳಿಗಾಲದಾಗ ಕಸಬರಗೀನೂ ಬ್ಯಾಡ್ರಿ," ಎನ್ನುತ್ತಾರೆ, "ಕೆಸರ ಎಲ್ಲಾ ಹೇಳತೈತಿ."

ಹಿರೇಕೆರೂರಿನಿಂದ ಹಂಸಭಾವಿಯ ಕಡೆ ಹೋಗುವಾಗ ರಸ್ತೆಯಿಂದ ತುಸು ಒಳಗಿರುವ ಈ ನೂಲಿನ ಗಿರಣಿಯ ಹೆಸರು ಇಲ್ಲಿ ಬೇಡ. ಅದು ಅನ್ನವ್ವನವರದೇ ಷರತ್ತು. ಗಿರಣಿ ನಡೆಯುತ್ತಿದ್ದಾಗ ಮೂರು ಪಾಳಿ, ಆರುನೂರು ಕೆಲಸಗಾರರು, ಅರವತ್ನಾಲ್ಕು ಮನೆಗಳ ಕಾಲೊನಿ. ಬೆಳಗಿನ ಭೋಂಗಾ ಕೂಗಿದರೆ ಸುತ್ತಲಿನ ನಾಲ್ಕು ಹಳ್ಳಿಗಳು ರೊಟ್ಟಿಗೆ ಹಂಚು ಇಡುತ್ತಿದ್ದವು. ಅನ್ನವ್ವ ಹತ್ತೊಂಬತ್ತನೇ ವಯಸ್ಸಿಗೆ ಇಲ್ಲಿ ನೂಲಿನ ಲಡಿ ಸುತ್ತುವ ಕೆಲಸಕ್ಕೆ ಸೇರಿದರು, ಇಪ್ಪತ್ತು ವರ್ಷ ಸುತ್ತಿದರು. ಹದಿನಾಲ್ಕು ವರ್ಷದ ಹಿಂದೆ ಗಿರಣಿ ನಿಂತಿತು. ಯಂತ್ರಗಳು ಹೋದವು, ಕಿಟಕಿಗಳು ಹೋದವು, ಮನೆಗಳ ನಡುಮನೆಯಲ್ಲಿ ಆಲದ ಸಸಿಗಳು ಎದ್ದವು. ಕಾವಲಿಗೆ ಬಂದ ಇಬ್ಬರು ಗಂಡಸರು ಒಬ್ಬರ ಹಿಂದೊಬ್ಬರು ಹೆದರಿ ಬಿಟ್ಟು ಹೋದ ಮೇಲೆ, ಹನ್ನೊಂದು ವರ್ಷದಿಂದ ಕಾವಲು ಇವರದೇ.

ಅವರ ಗಂಡ ಉಳಿವೆಪ್ಪ ಅಕ್ಕಿಆಲೂರಿನ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಇಲ್ಲಿ ದೆವ್ವ ಇವೆಯೇ ಎಂದು ಕೇಳಿದರೆ ಬೀಡಿ ತೆಗೆದು ನಗುತ್ತಾರೆ. "ಇದ್ದೂವ್ರಿ. ಇಕಿ ಬಂದ ಮ್ಯಾಲೆ ಗಂಟು ಕಟಗೊಂಡು ಊರು ಬಿಟ್ಟು ಹೋದೂವು."

"ನಿನ್ನ ಬಿಟ್ಟು ಹೋದೂವಲ್ಲ, ಅದ ನನ್ನ ದೈವ," ಎಂದು ಅನ್ನವ್ವ ಒಳಗಿನಿಂದಲೇ ಕೂಗುತ್ತಾರೆ.

ದೆವ್ವಕ್ಕಿಂತ ಅವರನ್ನು ಕಾಡುವುದು ಮನುಷ್ಯರು. ನಾಲ್ಕೈದು ವರ್ಷದಿಂದ ಹಾಳುಬಿದ್ದ ಜಾಗಗಳ ಹುಚ್ಚು ಹುಡುಗರಿಗೆ ಹತ್ತಿದೆ. ಯಾರೋ ಮೊಬೈಲಿನಲ್ಲಿ ಹಿಡಿದ ಚಿತ್ರಕ್ಕೆ ಭಯದ ಸಂಗೀತ ಕೂಡಿಸಿ ಹರಿಬಿಟ್ಟರು. ಅಂದಿನಿಂದ ಹಾನಗಲ್, ಸವಣೂರು, ಶಿಗ್ಗಾಂವಿಯಿಂದ, ತಡಸದ ಆಚೆಯಿಂದಲೂ ಬೈಕುಗಳು ಬರತೊಡಗಿದವು. ಭಾನುವಾರವಾದರೆ ಇಪ್ಪತ್ತು ಮೂವತ್ತು ಮಂದಿ. ಗೇಟಿನಲ್ಲಿ ತಡೆದರೆ ಸಂದಿಯಲ್ಲಿ ನುಸುಳುತ್ತಾರೆ. "ಆರನೂರು ಮಂದಿ ದುಡಿಯೂ ಹೊತ್ತಿನಾಗ ಒಬ್ಬರೂ ಫೋಟೊ ತಗೀಲಿಲ್ರಿ. ಈಗ ಗ್ವಾಡಿ ಬಿದ್ದ ಮ್ಯಾಲೆ ಚಂದ ಕಾಣಾಕತ್ತೈತಿ."

ದೊಡ್ಡ ಯಂತ್ರಶಾಲೆಯ ನೆಲದಡಿ, ಹತ್ತಿಯ ದೂಳು ಎಳೆದುಕೊಳ್ಳಲೆಂದು ತೋಡಿದ ಕಾಲುವೆಗಳಿವೆ. ಅವುಗಳ ಕಬ್ಬಿಣದ ಮುಚ್ಚಳಗಳು ಯಂತ್ರಗಳ ಜೊತೆಗೇ ಹೋದವು. ಹೀಗೆ ಉಳಿದದ್ದು ಒಂಬತ್ತು ಬಾಯಿ, ಒಂದೂವರೆ ಆಳು ಆಳ. ಮುಚ್ಚಿಸಿಕೊಡಿ ಎಂದು ಅನ್ನವ್ವ ಕಾವಲಿನ ಏಜೆನ್ಸಿಯವರನ್ನು ಕೇಳಿದ್ದು ಆರು ಸಲ. ಸಿಕ್ಕ ಉತ್ತರ, "ನೋಡೋಣ." ಒಂದು ಹೆಣ ಬಿದ್ದ ಮೇಲೆ ನೋಡುತ್ತಾರೋ ಎಂಬ ಚಿಂತೆ ಅವರನ್ನು ಊಟಕ್ಕೆ ಕುಂತಲ್ಲಿಂದಲೂ ಎಬ್ಬಿಸುತ್ತದೆ. "ಹನ್ನೊಂದು ವರ್ಷದಾಗ ಒಳಗ ಯಾರೂ ಸತ್ತಿಲ್ಲ. ಇವತ್ತೂ ಸಾಯಬಾರದು. ಇದೊಂದ ನೋಡ್ರಿ ನನ್ನ ಕೆಲಸ."

ಎರಡು ವರ್ಷದ ಹಿಂದೆ, ಚಳಿಗಾಲದ ಒಂದು ಬೆಳಿಗ್ಗೆ, ಲೆಕ್ಕ ತಪ್ಪಿತು.

ಹಿಂಬದಿಯ ಸಂದಿಯಲ್ಲಿ ಎರಡು ಜೋಡಿ ಹೊಸ ಹೆಜ್ಜೆ. ಸಣ್ಣ ಪಾದ, ಹೆಣ್ಣುಮಕ್ಕಳ ಚಪ್ಪಲಿ. ಒಳಗೆ ಎರಡು ಜೋಡಿ, ಹೊರಗೆ ಒಂದೇ. ಹೊರಬಂದ ಹೆಜ್ಜೆಗಳ ನಡುವೆ ಅಂತರ ಹೆಚ್ಚು, ಓಡಿದವರ ಹೆಜ್ಜೆ. ಒಳಗೆ ಹೋಗಿ ಅರವತ್ನಾಲ್ಕು ಮನೆ ಹುಡುಕುವುದೋ, ಓಡಿದವಳನ್ನು ಹಿಡಿಯುವುದೋ? ಎಲ್ಲಿ ಬಿದ್ದಿದ್ದಾಳೆಂದು ಓಡಿದವಳಿಗೇ ಗೊತ್ತು ಎನ್ನಿಸಿ ಅನ್ನವ್ವ ರಸ್ತೆಯ ಕಡೆ ನಡೆದರು.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಹುಡುಗಿಯೊಬ್ಬಳು ಮೊಬೈಲ್ ಹಿಡಿದು ಕುಳಿತಿದ್ದಳು. ಚಪ್ಪಲಿಗೆ ಕೆಂಪು ಮಣ್ಣು.

"ಇನ್ನೊಬ್ಬಾಕಿ ಎಲ್ಲಿ?"

"ಯಾರ್ರೀ? ನಾ ಬಸ್ಸಿಗೆ..."

"ಬಸ್ಸಿನ ಮಾತು ಆಮ್ಯಾಲೆ. ಇಬ್ಬರು ಹೋಗೀರಿ, ಒಬ್ಬಾಕಿನ ಬಂದಿ. ಆಕಿ ಉಸಿರಾಡಾಕತ್ತಾಳೋ ಇಲ್ಲೋ, ಅಷ್ಟ ಹೇಳು."

ಹುಡುಗಿ ಅಳತೊಡಗಿದಳು. ಇಬ್ಬರೂ ಹಾಸ್ಟೆಲಿನವರು. ಸೂರ್ಯ ಹುಟ್ಟುವ ಹೊತ್ತಿನ ಬೆಳಕಿನಲ್ಲಿ ಚಿತ್ರ ತೆಗೆಯಲೆಂದು ನಸುಕಿನ ಮೊದಲ ಬಸ್ಸಿಗೆ ಬಂದಿದ್ದರು. ಗೆಳತಿ ಗುಂಡಿಗೆ ಬಿದ್ದಳು, ಕೂಗಿದರೆ ಓಗೊಡುತ್ತಿದ್ದಳು. ಇವಳು ಸಹಾಯಕ್ಕೆಂದು ಓಡಿ ಬಂದವಳು, ಯಾರಿಗೆ ಫೋನ್ ಮಾಡಿದರೂ ಸುದ್ದಿ ಮನೆಗೆ ಮುಟ್ಟುತ್ತದೆಂದು ಗೊತ್ತಾಗಿ ಬೆರಳು ಆಡದೆ ಕುಳಿತುಬಿಟ್ಟಿದ್ದಳು.

ಅನ್ನವ್ವ ಬೈಯಲಿಲ್ಲ, ಸಮಯವಿರಲಿಲ್ಲ. ಆ ಹುಡುಗಿಯ ಹೆಗಲಿಗೆ ಬಿದಿರಿನ ಏಣಿ ಹೊರಿಸಿಕೊಂಡು ಯಂತ್ರಶಾಲೆಗೆ ನಡೆದರು. ಗುಂಡಿಯ ತಳದಲ್ಲಿ ಗಿರಣಿ ನಡೆದ ಕಾಲದ ಹತ್ತಿಯ ದೂಳು ಹಾಸಿಗೆಯಂತೆ ಕೂತಿತ್ತು, ಅದೇ ಅವಳನ್ನು ಉಳಿಸಿತ್ತು. ಕಾಲು ಮಾತ್ರ ಕುಂಬಳಕಾಯಿಯಂತೆ ಊದಿತ್ತು. ಇಳಿದು, ಹೆಗಲು ಕೊಟ್ಟು, ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವಾಗ ಸುಮ್ಮನಿರಲಾರದೆ ಕೇಳಿದರು, "ಏನೈತಿ ಅಂತ ಬರ್ತೀರವ್ವಾ ಇಲ್ಲಿ?"

"ಹಾಸ್ಟೆಲಿನಾಗ ಖೋಲಿಗೆ ಎಂಟು ಮಂದಿ ಅದೇವಿ ಆಂಟಿ. ಮನ್ಯಾಗ ಹನ್ನೊಂದು ಮಂದಿ. ಯಾರೂ ಇಲ್ಲದ ಊರು ಹ್ಯಾಂಗಿರತೈತಿ ನೋಡಬೇಕನಿಸ್ತು."

"ನೋಡಿದ್ಯಲ್ಲ. ಯಾರೂ ಇಲ್ಲದ ಊರಾಗ ಬಿದ್ರ ಎತ್ತಾಕೂ ಯಾರೂ ಇರೂದಿಲ್ಲ."

"ನೀವದೀರಲ್ರಿ," ಎಂದಳು ಹುಡುಗಿ, ನೋವಿನಲ್ಲೇ ನಕ್ಕು. ಮೇಲೆ ಬಂದೊಡನೆ ನಗು ಹೋಯಿತು. "ಆಂಟಿ, ಯಾರಿಗೂ ಹೇಳಬ್ಯಾಡ್ರಿ. ಹೋದ ತಿಂಗಳ ನನ್ನ ನೋಡಾಕ ವರ ಬಂದಿದ್ದ. ನನ್ನ ಓದು ಮುಗೀಲಿ ಅಂತ ನಮ್ಮವ್ವ ಒಬ್ಬಾಕಿನ ತಡದಾಳ. ಇದು ಗೊತ್ತಾದ್ರ ಅವ್ವನ ಬಾಯಿ ಕಟ್ಟತಾರ, ನನ್ನ ಕಾಲೇಜು ಬಿಡಸ್ತಾರ."

ಅನ್ನವ್ವ ಕರೆಸಿದ, ಪರಿಚಯದ ಆಟೊದ ಖಲಂದರ ಬಂದು ಇಬ್ಬರನ್ನೂ ದವಾಖಾನೆಗೆ ಕರೆದೊಯ್ದ. ಅವನು ಕೇಳಿದ್ದು ಒಂದೇ ಮಾತು, "ಹುಡುಗಿ ಎಲ್ಲಿ ಬಿದ್ಲು ಅಕ್ಕಾ?" ಅನ್ನವ್ವ "ರಸ್ತಾದಾಗ" ಎಂದರು.

ಅದೇ ದಿನ ಮಧ್ಯಾಹ್ನ ಏಜೆನ್ಸಿಯ ಮೇಲ್ವಿಚಾರಕ ಸುಶೀಂದ್ರ ಬೈಕಿನಲ್ಲಿ ಬಂದರು. ವಾರಕ್ಕೊಮ್ಮೆ ಬಂದು ವರದಿ ಪುಸ್ತಕದಲ್ಲಿ ಬರೆದುಕೊಂಡು ಹೋಗುವುದು ರೂಢಿ. "ಏನರ ವಿಶೇಷ ಐತೇನ್ರಿ ಅನ್ನವ್ವಾರ?" ಎಂದು ಪೆನ್ನು ತೆರೆದರು.

ಹೇಳಿದ್ದರೆ ಮರುವಾರವೇ ಒಂಬತ್ತೂ ಗುಂಡಿಗಳಿಗೆ ಮುಚ್ಚಳ ಬರುತ್ತಿತ್ತು. ಆರು ಸಲ ಕೇಳಿದ್ದು ಏಳನೆಯ ಸಲಕ್ಕೆ ಫಲಿಸುತ್ತಿತ್ತು. ಪೊಲೀಸರೂ ಬರುತ್ತಿದ್ದರು, ಹುಡುಗಿಯರ ಹೆಸರು ಕೇಳುತ್ತಿದ್ದರು. ಹೇಳದಿದ್ದರೆ ಬಾಯಿ ತೆರೆದ ಗುಂಡಿ ಹಾಗೇ ಇರುತ್ತದೆ, ನಾಳೆ ಬೀಳುವವರ ಕೆಳಗೆ ಹತ್ತಿ ಇರಲಿಕ್ಕಿಲ್ಲ. ಅನ್ನವ್ವ ಸುಶೀಂದ್ರರ ಪೆನ್ನನ್ನೇ ನೋಡುತ್ತಾ ನಿಂತರು. "ಆ ಹೊತ್ತಿನಾಗ ನನ್ನ ನಾಲಗಿ ಎರಡು ಸಲ ಮ್ಯಾಲೆದ್ದಿತ್ರಿ."

"ಏನೂ ಇಲ್ರಿ," ಎಂದರು.

ಮಾರನೆಯ ದಿನದಿಂದ ಅವರಿಗೆ ಹೊಸ ಕೆಲಸ ಅಂಟಿಕೊಂಡಿತು. ಕಾಲೊನಿಯ ಮನೆಗಳಲ್ಲಿ ಬಿದ್ದ ಕದಗಳನ್ನು ಎಳೆದು ತಂದು ಗುಂಡಿಯ ಮೇಲೆ ಹಾಕಿ, ಅಂಚಿಗೆ ಕಲ್ಲು ಹೇರುವುದು. ಎಮ್ಮೆಗಳು ಬೀಳುತ್ತವೆ ಎಂದು ಹೇಳಿ ಉಳಿವೆಪ್ಪನವರನ್ನೂ ದುಡಿಸಿದರು. ಎರಡು ವರ್ಷದಲ್ಲಿ ಆರು ಬಾಯಿ ಮುಚ್ಚಿದೆ. ಉಳಿದ ಮೂರು ಅಗಲ ಹೆಚ್ಚು, ಕದ ಸಾಲುವುದಿಲ್ಲ. ಅವುಗಳಿಗೆ ಕಬ್ಬಿಣದ ಮುಚ್ಚಳ ಬೇಕು. ಅವರು ಕೇಳುವುದು ಅಷ್ಟೇ.

ಆ ಏಜೆನ್ಸಿ ಈಗಿಲ್ಲ, ಬೇರೆಯದು ಬಂದಿದೆ. ಅದಕ್ಕೇ ಇಷ್ಟನ್ನಾದರೂ ಬಾಯಿ ಬಿಟ್ಟಿದ್ದಾರೆ. ಎಮ್ಮೆಯ ಕಥೆ ಸುಳ್ಳೆಂದು ಗಂಡನಿಗೆ ತಿಳಿಯುವುದು ಇದನ್ನು ಓದಿದಾಗಲೇ. "ಬೈತಾನ. ಬೈಲಿ."

ಹೋದ ತಿಂಗಳು ಒಂದು ಸಂತೆಯಲ್ಲಿ, ಗುಂಡಿಗೆ ಬಿದ್ದಿದ್ದ ಆ ಹುಡುಗಿ ಎದುರಾದಳು. ಯಾವ ಸಂತೆ ಎಂದು ಅವರು ಹೇಳುವುದಿಲ್ಲ. ಕೊರಳಲ್ಲಿ ಕೆಲಸದ ಗುರುತಿನ ಚೀಟಿ, ಪಕ್ಕದಲ್ಲಿ ಅವ್ವ. ಹುಡುಗಿ ಬೆಂಡೆಕಾಯಿ ಆರಿಸುತ್ತಿದ್ದ ಕೈ ನಿಲ್ಲಿಸಿ ನೋಡಿದಳು, ಮುಖ ಬಿಳಿಚಿತು. ಅವ್ವ ಇಬ್ಬರನ್ನೂ ನೋಡಿ ಕೇಳಿದರು, "ನಮ್ಮ ಹುಡುಗಿ ನಿಮಗ ಗುರ್ತೇನ್ರಿ?"

ಇವಳ ಓದಿಗಾಗಿ ಮನೆಯವರನ್ನೆಲ್ಲ ತಡೆದು ನಿಂತ ಹೆಂಗಸು ಇವರೇ. ಹೇಳಿದರೆ ಇವರು ಬೈಯಲಿಕ್ಕಿಲ್ಲ, ಕೈಮುಗಿದಾರು ಎಂದೂ ಅನ್ನವ್ವನಿಗೆ ಅನ್ನಿಸಿತು. ಆದರೆ ಹೇಳಬೇಕಾದದ್ದಿದ್ದರೆ ಅದನ್ನು ಆ ಹುಡುಗಿ ಹೇಳಬೇಕು.

"ಇಲ್ರೆವ್ವಾ," ಎಂದರು ಅನ್ನವ್ವ. "ಯಾರೋ ಅನಕೊಂಡ್ನಿ." ಚೀಲ ಎತ್ತಿಕೊಂಡು ಬಸ್ಸಿನ ಕಡೆ ನಡೆದರು.