ಕೆಂಪು ಪಟ್ಟಿಯ ಸಿಪಾಯಿ

ನಾನು ಚಿಕ್ಕವನಿದ್ದಾಗ, ಅಂದರೆ ಮೇಲಿನ ಎರಡು ಹಲ್ಲು ಬಿದ್ದು ಹೊಸವು ಇನ್ನೂ ಬಾರದಿದ್ದಾಗ, ನನ್ನನ್ನು ಸೈನ್ಯಕ್ಕೆ ಸೇರಿಸಿಕೊಳ್ಳಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅದು ಅಮೆರಿಕದಲ್ಲಿ, ಲಾಸ್ ಆಲ್ಟೋಸ್ ಎಂಬ ಊರಿನ ನಮ್ಮ ಶಾಲೆಯ ನಾಟಕ. ಅಮೆರಿಕದವರು ಬ್ರಿಟಿಷ್ ರಾಜನ ವಿರುದ್ಧ ದಂಗೆಯೆದ್ದು ಗೆದ್ದ ಯುದ್ಧವನ್ನು ಮೈದಾನದಲ್ಲಿ ಆಡಿ ತೋರಿಸಬೇಕಿತ್ತು. ಬ್ರಿಟಿಷರನ್ನು ಓಡಿಸುವ ಸಿಪಾಯಿ ನಾನೇ ಎಂದು ಅಪ್ಪನಿಗೆ ಒಂದು ವಾರದಿಂದ ಹೇಳುತ್ತಿದ್ದೆ. ಎಂದೂ ರಜೆ ಹಾಕದ ಅಪ್ಪ ಅಂದು ಆಫೀಸಿಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತರು.

ಓಕ್ ಮರದ ಕೆಳಗೆ ಸೈನ್ಯಕ್ಕೆ ಹೆಸರು ಬರೆದುಕೊಳ್ಳುವ ಮೇಜು. ಐದನೇ ಕ್ಲಾಸಿನ ಹುಡುಗನೊಬ್ಬ ಅದರ ಕ್ಯಾಪ್ಟನ್. ಡೋಲು ಬಡಿಯುತ್ತಿತ್ತು, ಆಗಷ್ಟೇ ಕತ್ತರಿಸಿದ ಹುಲ್ಲಿನ ವಾಸನೆ ಮೂಗಿಗೇರುತ್ತಿತ್ತು. ಅವನು ನನ್ನ ಗದ್ದ ಹಿಡಿದೆತ್ತಿ, ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ಬಾಯಿ ತೆರೆಸಿದ. ಆ ಕಾಲದ ಸಿಪಾಯಿ ಮದ್ದು ತುಂಬಿದ ಕಾಗದದ ಪೊಟ್ಟಣವನ್ನು ಮುಂದಿನ ಹಲ್ಲಿನಿಂದ ಕಚ್ಚಿ ಹರಿದು ಬಂದೂಕಿಗೆ ಸುರಿಯಬೇಕಿತ್ತು. ಇದು ನಿಜ, ಆಮೇಲೆ ನಾನೇ ಲೈಬ್ರರಿಯಲ್ಲಿ ಹುಡುಕಿ ಓದಿದೆ.

"ಹಲ್ಲಿಲ್ಲ. ಆ ಕಡೆ ಹೋಗು," ಎಂದ.

ಆ ಕಡೆ ಎಂದರೆ ಬ್ರಿಟಿಷರ ಕಡೆ. ಬೇಡವಾದವರೆಲ್ಲ ಅಲ್ಲಿದ್ದರು: ದಪ್ಪ ಕನ್ನಡಕದವನು, ಸದಾ ಕೆಮ್ಮುವವನು, ಹುಡುಗಿ ಎಂಬ ಕಾರಣಕ್ಕೆ ನನ್ನ ಅಕ್ಕ. ಬ್ರಿಟಿಷರ ಕೆಂಪು ಕೋಟಿನ ಗುರುತಾಗಿ ಎಲ್ಲರ ಎದೆಗೂ ಕೆಂಪು ಕಾಗದದ ಪಟ್ಟಿ. ಡೋಲು ಮೂರು ಸಲ ಬಡಿದ ಕೂಡಲೇ ಸತ್ತು ಬೀಳಬೇಕೆಂದು ಟೀಚರ್ ಹೇಳಿ ಹೋದರು. ಅಪ್ಪನ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ.

ಅಕ್ಕ ಕಿವಿಯ ಹತ್ತಿರ ಬಗ್ಗಿದಳು. "ಲೋ, ಬೀಳ್ಬೇಡ. ಅವನು ಬಾಯಲ್ಲಿ ಢಂ ಅಂದ್ರೆ ನಿಂಗೇನಾಗತ್ತೆ?"

ಡೋಲು ಬಡಿಯಿತು. ಉಳಿದವರೆಲ್ಲ ಬಿದ್ದರು, ನಾವಿಬ್ಬರು ನಿಂತೆವು. ಕ್ಯಾಪ್ಟನ್ ಹತ್ತಿರ ಬಂದು ಮತ್ತೆ ಢಂ ಎಂದ. ಆಮೇಲೆ ಎದೆಗೆ ಕೈಯಿಟ್ಟು ತಳ್ಳಿದ. ನಾನು ಹಿಮ್ಮಡಿ ಊರಿ ನಿಂತೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ, ಆ ಮೈದಾನದಲ್ಲಿ ಅಕ್ಕನಿಗೂ ನನಗೂ ಮಾತ್ರ ಅರ್ಥವಾಗುವ ಭಾಷೆಯಲ್ಲಿ, ಒಂದು ಕೂಗು ಬಂತು.

"ಬೀಳೋ! ಬ್ರಿಟಿಷರು ಗೆಲ್ತಾರಲ್ಲೋ!"

ಅಪ್ಪ ಎದ್ದು ನಿಂತಿದ್ದರು. ನಾನು ಬೀಳಲಿಲ್ಲ. ಟೀಚರ್ ಬಂದು ರಟ್ಟೆ ಹಿಡಿದು ಎಳೆದೊಯ್ದರು, ನಾಟಕ ಅಲ್ಲಿಗೇ ನಿಂತಿತು.

ಬಿಸಿಲಿಗೆ ಕಾದ ಕಾರಿನ ಸೀಟು ತೊಡೆ ಸುಡುತ್ತಿತ್ತು. ಅಪ್ಪ ಒಂದೇ ಮಾತು ಆಡಿದರು: "ನಿಮ್ಮ ತಾತ ಲಾಠಿ ಏಟು ತಿಂದಿದ್ದು ಇದಕ್ಕಾ?" ಅವರು ಇವನನ್ನು ಸೇರಿಸಿಕೊಳ್ಳಲೇ ಇಲ್ಲ ಎಂದು ಅಕ್ಕ ಹೇಳಹೊರಟಳು. ಅಪ್ಪ ರೇಡಿಯೋ ಜೋರು ಮಾಡಿದರು. ಆಮೇಲೆ ಎಷ್ಟೋ ದಿನ ನನ್ನೊಂದಿಗೆ ಮಾತಿಲ್ಲ.

ಮೊಮ್ಮಕ್ಕಳೇ, ನಿಮ್ಮ ಶಾಲೆಯಲ್ಲಿ ಈಗ ಯಾರನ್ನೂ ಬೇಡ ಎನ್ನುವುದಿಲ್ಲ. ಸಿಪಾಯಿ ಆಗುತ್ತೇನೆ ಎಂದವರೆಲ್ಲ ಸಿಪಾಯಿಗಳೇ. ನೀವು ಸ್ಟೇಜಿನ ಮೇಲೆ ಮಾತು ಮರೆತರೂ ನಿಮ್ಮಪ್ಪ ಫೋನು ಎತ್ತಿ ಹಿಡಿದು "ಗುಡ್ ಜಾಬ್" ಅನ್ನುತ್ತಾನೆ. ಆಗ ನಾನು ಮುಖ ತಿರುಗಿಸಿ ಕೂರುತ್ತೇನಲ್ಲ, ನಾಟಕ ಹಿಡಿಸಲಿಲ್ಲ ಅಂದುಕೊಂಡಿದ್ದೀರಿ. ಅಲ್ಲ ಮಕ್ಕಳೇ. ಅದು ಹೊಟ್ಟೆಕಿಚ್ಚು.