ಇಳಿಸದ ಹೆದೆ

ಬಂಡೆಪ್ಪ ಸತ್ತ ಮೇಲೆ ಹಾಲವ್ವ ಅವನ ಅಂಗಿ, ಧೋತರ ಎಲ್ಲ ಕೊಟ್ಟುಬಿಟ್ಟಳು. ಚಪ್ಪಲಿಯನ್ನೂ ಕೊಟ್ಟಳು. ಬಿಲ್ಲು ಮಾತ್ರ ಕೊಡಲಿಲ್ಲ. ಅದನ್ನು ಕೇಳಿದವರೂ ಇರಲಿಲ್ಲ ಅನ್ನಿ.

ಮುಂಬಯಿಯ ಮಲಾಡಿನಲ್ಲಿ ಅವರಿದ್ದ ಚಾಳು ಅಂದರೆ ಒಂದೇ ಸಾಲಿಗೆ ಹನ್ನೆರಡು ಖೋಲಿ. ಇವರದು ಕಡೇದು. ಅದರ ಹಿಂದೆ, ಸಮುದ್ರದ ನೀರು ಒಳಗೆ ಬರುವ ಖಾಡಿಯ ತನಕ ಬಯಲು. ಉಪ್ಪು ಹತ್ತಿದ ನೆಲ, ಹುಲ್ಲೂ ಸರಿಯಾಗಿ ಏಳುತ್ತಿರಲಿಲ್ಲ. ಬಾಡಿಗೆ ಕಡಿಮೆ ಅಂತ ಎಲ್ಲರೂ ಆ ಚಾಳಿಗೆ ಬಂದಿದ್ದರು. ಬಂಡೆಪ್ಪ ಬಂದಿದ್ದು ಆ ಬಯಲು ನೋಡಿ.

ಅವನು ಸುರಪುರದ ಕಡೆಯ ಬೇಡರವನು. ಅಪ್ಪ ಬಿಲ್ಲು ಹಿಡಿದವನು, ಅಜ್ಜನೂ ಹಿಡಿದವನು. ಮುಂಬಯಿಗೆ ಬಂದು ಏಳುತ್ತಿರುವ ಬಿಲ್ಡಿಂಗುಗಳ ಸುತ್ತ ಕೆಲಸದವರು ಹತ್ತಿ ನಿಲ್ಲೋ ಬಿದಿರಿನ ಪರಾಂಚಿ ಕಟ್ಟೋ ಕೆಲಸಕ್ಕೆ ಸೇರಿದ. "ಆರು ದಿನ ಬಿದಿರಿಗೆ ಹಗ್ಗ ಕಟ್ಟತಾರ. ರಜಾ ಸಿಕ್ಕರ ಮತ್ತ ಬಿದಿರಿಗೆ ಹಗ್ಗ ಕಟ್ಟತಾರ," ಅಂತ ಹಾಲವ್ವ ಆಡಿಕೊಳ್ಳುತ್ತಿದ್ದಳು. ಅವಳೂ ಅದೇ ಬಿಲ್ಡಿಂಗುಗಳಲ್ಲಿ ತಲೆ ಮೇಲೆ ಇಟ್ಟಿಗೆ ಹೊರುವವಳು.

ಐತವಾರ ಬೆಳಿಗ್ಗೆ ಬಂಡೆಪ್ಪ ಬಿಲ್ಲು ಹಿಡಿದು ಹೊರಗೆ ಬಂದ ಅಂದರೆ ಚಾಳಿನವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಬಾಣ ತಗಲೀತು ಅಂತ ಅಲ್ಲ. ಕರೀತಾನೆ ಅಂತ. ಸಿಮೆಂಟಿನ ಗೋಣಿಚೀಲಕ್ಕೆ ಒಣಹುಲ್ಲು ತುರುಕಿ ಬಯಲಿನ ಆಚೆ ತುದಿಗೆ ನಿಲ್ಲಿಸಿ ಬರುತ್ತಿದ್ದ. ಆಮೇಲೆ ಒಂದೊಂದೇ ಬಾಗಿಲು.

ಪಕ್ಕದ ಖೋಲಿಯಲ್ಲಿ ಶೇಖರ, ಅವನ ಹೆಂಡತಿ ಸೇವಂತಿ. ಉಡುಪಿ ಕಡೆಯವರು. ಶೇಖರ ಅಂಧೇರಿಯ ಒಂದು ಹೋಟೆಲಿನಲ್ಲಿ ಗಲ್ಲೆ ಮೇಲೆ ಕೂರುತ್ತಿದ್ದ.

"ಬರ್ರಿ ಶೇಖರಣ್ಣ. ಒಂದs ಬಾಣ."

"ಬಿಡಿ ಮಾರಾಯ್ರೆ. ನನಗೆ ನೋಟು ಎಣಿಸಲಿಕ್ಕೆ ಬೆರಳು ಬೇಕು."

"ಬೆರಳು ಎಲ್ಲಿ ಹೋಗಂಗಿಲ್ಲ. ಹೊಟ್ಟಿ ಹೋಗತದ."

ಸೇವಂತಿ ಒಳಗೆ ನಗುತ್ತಿದ್ದಳು. ಶೇಖರ ಹೊಟ್ಟೆ ಮೇಲೆ ಟವೆಲು ಎಳೆದುಕೊಂಡು ಒಳಗೆ ಹೋಗುತ್ತಿದ್ದ.

ಅಳಿಯ ದಾನಪ್ಪ ಗೋಡೆ ಕಟ್ಟೋ ಗೌಂಡಿ. ಹಬ್ಬಕ್ಕೆ ಬಂದರೆ ಅವನನ್ನೂ ಬಿಡುತ್ತಿರಲಿಲ್ಲ. "ಮಾವಾರ, ಇದು ಬಂಬಯಿ. ಇಲ್ಲಿ ಸಿನೆಮಾದವರು ಬಿಡತಾರ ಬಾಣ, ಗೌಂಡಿಗಳು ಬಿಡಂಗಿಲ್ಲ," ಅಂತ ದಾನಪ್ಪ ನುಣುಚಿಕೊಳ್ಳುತ್ತಿದ್ದ. ಮಗಳು ಸುಂದ್ರವ್ವ ಗಂಡನ ಕಡೆಗೇ ಆಗುತ್ತಿದ್ದಳು.

ಹೆಚ್ಚು ಕರೆದದ್ದು ಹಾಲವ್ವನನ್ನೇ. "ನಳ ಬರೋ ಹೊತ್ತಿಗೇ ನಿಮ್ಮ ಬಾಣ," ಅನ್ನುತ್ತಿದ್ದಳು. ಇಲ್ಲದಿದ್ದರೆ ರೊಟ್ಟಿ ಅದ, ಮುಸುರಿ ಅದ. ಹನ್ನೊಂದು ವರ್ಷ ಹೀಗೇ ಅಂದಳು. ಅವನು ಒಬ್ಬನೇ ಬಿಟ್ಟ, ಒಬ್ಬನೇ ಹೋಗಿ ಬಾಣ ಆರಿಸಿಕೊಂಡು ಬಂದ. ಬಿಡುವಾಗ ಯಾರಿಗೋ ಹೇಳಿಕೊಡುವವನ ಹಾಗೆ ಜೋರಾಗಿ ಅನ್ನುತ್ತಿದ್ದ. ಮೊಳಕೈ ಎತ್ತು. ಉಸಿರು ಕಟ್ಟಬ್ಯಾಡ. ಬಾಣ ಹೋದ ಮ್ಯಾಲ ಗಾಳಿಗೆ ಬೈಬ್ಯಾಡ. ಪಾತ್ರೆ ತಿಕ್ಕುತ್ತ ಕೂತವಳ ಕಿವಿಗೆ ಇದೆಲ್ಲ ಬೀಳುತ್ತಿತ್ತು. ಬಾಯಿ ಮುಚ್ಚಬಾರದೇನು ಅನಿಸುತ್ತಿತ್ತು.

ಒಂದು ಐತವಾರ ಹೆದೆ ಏರಿಸಿಕೊಂಡು ಹೋದವನು ಹೋದ ಹಾಗೇ ತಿರುಗಿ ಬಂದ. ಕೈಯಾಗ ಕಸುವಿಲ್ಲ ಅಂದ. ಸಂಜಿಗೆ ಮತ್ತ ಹೋಗತೀನಿ ಅಂತ ಬಿಲ್ಲನ್ನು ಗೂಟಕ್ಕೆ ಹಾಕಿ ಮಲಗಿದ. ಕಣ್ಣು ಹಳದಿ ಇದ್ದವು. ಕಾಮಾಲೆ ಅಂದರು. ಹನ್ನೊಂದನೇ ದಿನ ಹೋದ.

ದಿನದ ಕಾರ್ಯಕ್ಕೆ ಊರಿಂದ ಅವನ ಅಣ್ಣ ಗುರಲಿಂಗಪ್ಪ ಬಂದ. ಮಾತು ಕಡಿಮೆ ಆಡುವ ಮನುಷ್ಯ. ಹೋಗುವ ಮುಂಚೆ ಬಾಗಿಲಿಂದಲೇ ಗೂಟದ ಮೇಲಿನ ಬಿಲ್ಲು ತೋರಿಸಿ ಹೇಳಿದ.

"ನಮ್ಮ ಮನಿತನದಾಗ ಒಂದು ರೂಢಿ ಅದ, ಹಾಲವ್ವ. ಬಿಲ್ಲಿನವ ಹೋದರ ವರ್ಷದ ಕಾರ್ಯದ ಒಳಗ ಆ ಬಿಲ್ಲಿಂದ ಮೂರು ಬಾಣ ಗುರಿ ಮುಟ್ಟಬೇಕು. ಮನಿ ಕೈ ನಡಿಯಂಗಿಲ್ಲ. ನಂದೂ ನಡಿಯಂಗಿಲ್ಲ, ನಿಂದೂ ಇಲ್ಲ. ಹೊರಗಿನ ಕೈ ಬೇಕು."

"ಇಲ್ಲದಿದ್ದರ?"

"ನಾ ಒಯ್ದು ಕೃಷ್ಣಾ ಹೊಳಿಗೆ ಬಿಡತೀನಿ. ಅವನ ಕೂಡ ಅದೂ ಹೋತು ಅಂತ ತಿಳಿ."

"ಸುಂದ್ರವ್ವ?"

"ಕೊಟ್ಟ ಮಗಳು ಹೊರಗಿನಾಕಿ. ಅಳಿಯಾನೂ ಹೊರಗಿನವ. ಯಾರಾದರೂ ಆಗಲಿ, ಬಿಡಬೇಕು ಅಷ್ಟs."

ಅವನು ಹೋದ ಮೇಲೆ ಖೋಲಿ ಖಾಲಿ ಆಯಿತು. ಶನಿವಾರ ಸಂಜೆ ಕೂಲಿ ಹಂಚುವ ಮುಕಾದಮನಿಗೆ ಹೂಂ ಅಂದು ಬಂದರೆ ಹಾಲವ್ವ ಮತ್ತೆ ಬಾಯಿ ಬಿಡುವುದು ಸೋಮವಾರ. ನಡುವಿನ ಐತವಾರ ಗೂಟದ ಕೆಳಗೆ ಕೂತಿರುತ್ತಿದ್ದಳು. ಬಿಲ್ಲಿಗೆ ಹೆದೆ ಏರಿಸಿದ್ದು ಹಾಗೇ ಇತ್ತು. ಬಂಡೆಪ್ಪ ಯಾವತ್ತೂ ಹಾಗೆ ಇಟ್ಟವನಲ್ಲ. ಬಾಣ ಬಿಟ್ಟು ಬಂದ ಕೂಡಲೇ ಹೆದೆ ಇಳಿಸಿ ಬಿಲ್ಲಿನ ಬೆನ್ನು ನೆಟ್ಟಗೆ ಮಾಡಿ ಮಲಗಿಸುತ್ತಿದ್ದ. ಅದು ಹಾಲವ್ವನಿಗೆ ಗೊತ್ತಿತ್ತು. ಆದರೆ ಹೆದೆಯ ತುದಿಗೆ ಅವನ ಗಂಟು ಇತ್ತಲ್ಲ. ಪರಾಂಚಿಯವರ ಗಂಟು, ಭಾರ ಬಿದ್ದಷ್ಟೂ ಬಿಗಿಯಾಗುವಂಥದ್ದು. ಅವನು ಕಟ್ಟಿದ ಪರಾಂಚಿ ಎಲ್ಲ ಬಿಲ್ಡಿಂಗು ಮುಗಿದ ಮೇಲೆ ಬಿಚ್ಚಿ ಹೋದವು. ಅವನ ಕೈಯಿಂದ ಉಳಿದದ್ದು ಇದೊಂದು ಗಂಟು. ಅದನ್ನು ಬಿಚ್ಚಲಿಕ್ಕೆ ಅವಳ ಕೈ ಬರಲಿಲ್ಲ. ದಸರೆಗೆ ಅರಿಶಿನ ಕುಂಕುಮ ಹಚ್ಚಿದಳು, ಗಂಟಿಗೆ ತಾಗದ ಹಾಗೆ.

ಕರೆಯೋದನ್ನು ಬೇಗ ಶುರು ಮಾಡಿದಳು. ಅವನು ಕರೆದ ಹಾಗೇ, ನಗುತ್ತ.

"ಶೇಖರಣ್ಣ, ಒಂದು ಸಲ ಹಿಡೀರಿ. ಹೊಟ್ಟಿ ಕರಗತದ."

"ನಿಮಗೂ ಅಂಟಿತಾ ಇದು, ಹಾಲವ್ವಕ್ಕ?" ಅಂದ ಶೇಖರ.

ಅಂಧೇರಿಯಲ್ಲಿದ್ದ ಮಗಳ ಮನೆಗೆ ಹೋಗಿ ದಾನಪ್ಪನಿಗೆ ಹೇಳಿದಳು. "ಅತ್ತಿ, ಅದನ್ನ ನಿಮ್ಮ ಭಾವಾರಿಗೆ ಕೊಟ್ಟು ಕೈ ತೊಳಕೊಳ್ರಿ. ಮನ್ಯಾಗ ಸತ್ತವರ ಆಯುಧ ಯಾಕ?" ಅಂದ. ಸುಂದ್ರವ್ವ ತಾಯಿಯ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದಳು. ಸೈಟಿನಲ್ಲಿ ಜೊತೆಗೆ ಇಟ್ಟಿಗೆ ಹೊರುವ ಹೆಂಗಸರನ್ನು ಕರೆದಳು. ಒಬ್ಬಾಕೆ, "ಗಂಡ ಇದ್ದಾಗ ನೀನು ಒಮ್ಮಿಯಾದರೂ ಬಿಟ್ಟಿದ್ದೇನು?" ಅಂತ ಕೇಳಿದಳು. ಬರೇ ಕೇಳಬೇಕಂತ ಕೇಳಿದ್ದು, ಚುಚ್ಚಬೇಕಂತಲ್ಲ. ಹಾಲವ್ವ ಬುಟ್ಟಿ ಎತ್ತಿಕೊಂಡು ಏಣಿ ಹತ್ತಿದಳು. ಆವತ್ತು ಊಟಕ್ಕೆ ಕೂಡಲಿಲ್ಲ.

ಬಂಡೆಪ್ಪ ಹೋಗಿ ವರ್ಷ ತುಂಬುವ ಮೇ ತಿಂಗಳು ಬಂತು. ಆ ವರ್ಷ ಮೇದಲ್ಲಿ ರೈಲು ಮುಷ್ಕರ. ಗುರಲಿಂಗಪ್ಪ ಬರೋದು ಆಗಲಿಲ್ಲ, ವರ್ಷದ ಕಾರ್ಯ ಜೂನಿಗೆ ಬಿತ್ತು. ಜೂನ್ ಎರಡನೇ ಐತವಾರ ಅಂತ ಕಾಗದ ಬರೆಸಿ ಹಾಕಿದ.

ಆ ಕಾಗದ ಓದಿದವಳು ಸೇವಂತಿ. ನಳದ ಹತ್ತಿರ ಕೊಡ ಸಾಲಿಗಿಟ್ಟು ನಿಂತಾಗ ಓದಿ ಹೇಳಿದಳು.

"ಬಿಲ್ಲು ಕೊಂಡು ಹೋಗ್ತಾರಂತೆ ಅಲ್ವಾ ಅಕ್ಕ? ಹೋಗಲಿ ಬಿಡಿ. ಎಂಥ ಮಾಡ್ಲಿಕ್ಕುಂಟು ನಿಮಗೆ ಅದು?"

ಹಾಲವ್ವನಿಗೆ ಈ ಸಲ ನಗು ಬರಲಿಲ್ಲ.

"ಏನೂ ಮಾಡಲಿಕ್ಕಿಲ್ಲ. ಅದು ಹೋದರ ಆ ಖೋಲ್ಯಾಗ ನಾ ಒಬ್ಬಾಕಿ. ಈಗ ಇಬ್ಬರು ಇದ್ದೀವಿ."

ಸೇವಂತಿಯ ಕೊಡ ತುಂಬಿ ಹರಿಯಿತು. ಹಿಂದಿನವಳು ಬೈದಳು. ಸೇವಂತಿ ಕೊಡ ಎತ್ತಿಕೊಂಡು ಹೋದಳು. ಆಡಬಾರದಿತ್ತು ಅಂತ ಹಾಲವ್ವ ಒದ್ದಾಡಿದಳು. ಆದರೆ ಸಂಜೆ ಗೋಡೆಯ ಆಚೆ ಸೇವಂತಿ ಗಂಡನಿಗೆ ಹೇಳೋದು ಕೇಳಿಸಿತು. "ಒಂದು ಭಾನುವಾರ ರಜೆ ಹಾಕಿದ್ರೆ ನಿಮ್ಮ ಹೋಟೆಲು ಮುಳುಗ್ತದಾ?"

ಆ ಐತವಾರ ಮೋಡ ಇತ್ತು, ಮಳೆ ಬಂದಿರಲಿಲ್ಲ. ಎಡೆ ಹಿಡಿದಾಯಿತು. ಗುರಲಿಂಗಪ್ಪ ತಾನೇ ಗೋಣಿಚೀಲ ಒಯ್ದು ಬಯಲಿನ ಆಚೆ ತುದಿಗೆ ನಿಲ್ಲಿಸಿದ. ದಾನಪ್ಪ, ಸುಂದ್ರವ್ವ ಬಂದಿದ್ದರು. ಶೇಖರ ಪ್ಯಾಂಟು ಹಾಕಿಕೊಂಡು ಬಂದಿದ್ದ, ಜೊತೆಗೆ ಸೇವಂತಿ. ಅವರ ಹಿಂದೆ ಚಾಳಿನ ಇನ್ನೂ ಏಳೆಂಟು ಮಂದಿ. ಬಂಡೆಪ್ಪ ಇದ್ದಾಗ ಆ ಬಯಲಿಗೆ ಇಷ್ಟು ಜನ ಬಂದದ್ದಿಲ್ಲ. ಹಾಲವ್ವ ಅವರನ್ನೆಲ್ಲ ಒಮ್ಮೆ ನೋಡಿದಳು. ಕರೆದು ಕರೆದು ಸತ್ತವನು ನೋಡಬೇಕಾಗಿತ್ತು ಇದನ್ನು. ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ.

ದಾನಪ್ಪ ಮೊದಲು ಹಿಡಿದ. ಗೌಂಡಿಯ ರಟ್ಟೆ, ಕಿವಿಯ ತನಕ ಎಳೆದ. ಬಿಟ್ಟ. ಬಾಣ ಹತ್ತು ಹೆಜ್ಜೆ ಹೋಗಿ ನೆಲಕ್ಕೆ ಬಿತ್ತು.

"ಅಳಿಯ ದೇವರು ಇನ್ನೂ ಎರಡು ಚಪಾತಿ ತಿನ್ನಬೇಕಿತ್ತು," ಅಂದ ಶೇಖರ.

"ನೀವು ಬಿಡ್ರಿ ನೋಡೋಣ, ಗಲ್ಲೆದವರು."

ಶೇಖರನ ಬಾಣ ಇನ್ನೂ ಹತ್ತಿರ ಬಿತ್ತು. ಎಲ್ಲರೂ ನಕ್ಕರು. ಗುರಲಿಂಗಪ್ಪ ನಗಲಿಲ್ಲ. ಬಂದು ಬಿಲ್ಲು ತಗೊಂಡ. ಹೆದೆ ಮೀಟಿದ. ಸದ್ದು ಬರಲಿಲ್ಲ. ಬಿದಿರಿನ ಹೊಟ್ಟೆ ಸವರಿದ.

"ಇದನ್ನ ಎಂದಿನಿಂದ ಏರಿಸಿ ಇಟ್ಟೀ?"

"ಅವರು ಏರಿಸಿದ್ದು. ನಾ ಇಳಿಸಿಲ್ಲ."

"ವರ್ಷ ಆತಲ್ಲ!"

"ಹೌದು."

"ಬಿಲ್ಲಿನ ಕಸುವು ಹೋಗ್ಯಾದ, ಹಾಲವ್ವ. ವರ್ಷ ಪೂರ್ತಿ ಬಗ್ಗಿ ನಿಂತರ ಯಾವ ಬಿದಿರು ತಡೀತದ? ಅಂವ ಹೇಳಿರಲಿಲ್ಲೇನು?"

ಹೇಳಿದ್ದ. ಎಲ್ಲಾ ಹೇಳಿದ್ದ. ಉಳಿಸಿಕೊಳ್ಳಬೇಕಂತ ಅವಳು ಮಾಡಿದ್ದೇ ಬಿಲ್ಲನ್ನು ಕೆಡಿಸಿತ್ತು.

"ಒಂದs ದಾರಿ," ಅಂದ ಗುರಲಿಂಗಪ್ಪ. "ಹುರಿ ಬಿಚ್ಚಬೇಕು. ಹೊಸೆದು ಗಿಡ್ಡ ಮಾಡಿ ಮತ್ತ ಏರಿಸಿದರ ಸ್ವಲ್ಪ ಎಳೀತದ. ಆದರ ಇದು ಎಂಥಾ ಗಂಟೋ, ನಮ್ಮ ಊರಿನದಲ್ಲ. ಚೂರಿ ತಾ, ಕೊಯ್ಯೋಣ."

"ಚೂರಿ ಬ್ಯಾಡ."

ಹಾಲವ್ವ ಬಿಲ್ಲು ಇಸಿದುಕೊಂಡು ನೆಲದ ಮೇಲೆ ಕೂತಳು. ಒಂದು ಮಳೆಗಾಲ ನೀರು ಕುಡಿದು ಒಣಗಿದ ಪುಂಡಿನಾರಿನ ಗಂಟು. ಕಲ್ಲಾಗಿತ್ತು. ಉಗುರಿಗೆ ಬರಲಿಲ್ಲ. ಹಲ್ಲು ಹಚ್ಚಿದಳು. ಬಾಯಿಗೆ ಉಪ್ಪುಪ್ಪು ಆಯಿತು, ತುಟಿ ಹರಿಯಿತು. ಸುಂದ್ರವ್ವ, "ಅವ್ವಾ, ಬಿಡು," ಅಂದಳು. ಬಿಡಲಿಲ್ಲ. ಒಂದು ಎಳೆ ಸಡಿಲಾಯಿತು. ಆಮೇಲೆ ಗಂಟು ಸುಮ್ಮನೆ ಬಿಚ್ಚಿಕೊಂಡಿತು. ಅವಳ ಕೈಯಲ್ಲಿ ಉಳಿದದ್ದು ಒಂದು ಸೊಟ್ಟ ಹುರಿ.

ಗುರಲಿಂಗಪ್ಪ ಹುರಿ ಹೊಸೆದುಕೊಟ್ಟ. "ಕಟ್ಟು," ಅಂದ.

ಬಂಡೆಪ್ಪನ ಗಂಟು ಹಾಕಿ ನೋಡಿದಳು. ಜಾರಿತು. ಮತ್ತೆ ಹಾಕಿದಳು, ಮತ್ತೆ ಜಾರಿತು. ವಾರ ವಾರ ಕಣ್ಣೆದುರಿಗೆ ಕಟ್ಟುತ್ತಿದ್ದ ಗಂಟು, ಅವಳಿಗೆ ಬರಲಿಲ್ಲ. ಕೊನೆಗೆ ಕಟ್ಟಿಗೆ ಹೊರೆಗೆ ಹಾಕುವ ಗಂಟು ಹಾಕಿದಳು. ಅದು ನಿಂತಿತು.

ಎದ್ದು ಬಯಲಿನ ಆಚೆ ತುದಿಗೆ ಹೋದಳು. ಗೋಣಿಚೀಲ ಎಳೆಯುತ್ತ ಬಂದು ಎಲ್ಲರ ಮುಂದೆ, ಹನ್ನೆರಡು ಹೆಜ್ಜೆಗೆ ನಿಲ್ಲಿಸಿದಳು.

"ಭಾವಾರ, ಎಷ್ಟು ದೂರ ಇರಬೇಕಂತ ನಿಮ್ಮಪ್ಪ ಹೇಳ್ಯಾರೇನು?"

ಗುರಲಿಂಗಪ್ಪ ಚೀಲ ನೋಡಿದ. "ದೂರದ ಮಾತು ಹೇಳಿಲ್ಲ," ಅಂದ.

ದಾನಪ್ಪನ ಬಾಣ ಚೀಲದ ಅಂಚಿಗೆ ನೆಟ್ಟಿತು. ಶೇಖರ ಎರಡು ಸಲ ತಪ್ಪಿ ಮೂರನೇದು ಮುಟ್ಟಿಸಿದ. ಮುಟ್ಟಿಸಿ, ಲಾಟರಿ ಹೊಡೆದವನ ಹಾಗೆ ಕುಣಿದ. ಆಗ ಸೇವಂತಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ನನ್ನದೊಂದು ಆಗಿ ಹೋಗಲಿ."

ಹಾಲವ್ವ ಅವಳ ಹಿಂದೆ ನಿಂತಳು.

"ಮೊಳಕೈ ಎತ್ತು. ಇನ್ನೂ. ಉಸಿರು ಕಟ್ಟಬ್ಯಾಡ. ಚೀಲ ನೋಡು, ನನ್ನ ಏನು ನೋಡತೀ."

ಮಾತು ತಾನಾಗೇ ಬರುತ್ತಿತ್ತು. ಸೇವಂತಿಯ ಬಾಣ ಚೀಲದ ನಡುವಿಗೆ ಹೋಗಿ ಕೂತಿತು.

ಗುರಲಿಂಗಪ್ಪ ಮೂರು ಬಾಣ ಕಿತ್ತು ತಂದು ಹಾಲವ್ವನ ಕೈಗೆ ಕೊಟ್ಟ. "ಇಟ್ಟುಕೋ," ಅಂದ. "ಇದು ಇನ್ನ ಎರಡು ಮಳೆಗಾಲ ತಡೀತದ. ಈಗ ಇಳಿಸು ಅದನ್ನ." ಅವಳು ಅಲ್ಲೇ ಇಳಿಸಿದಳು. ಹೆದೆ ಇಳಿಸಿದರೂ ಬಿದಿರು ಬಗ್ಗಿಯೇ ಇತ್ತು.

ಸಂಜೆ ದಾದರಿನ ತನಕ ಹೋಗಿ ಭಾವನನ್ನು ರೈಲು ಹತ್ತಿಸಿದಳು. ಮಗಳು, ಅಳಿಯ ಮುಂಚೇನೇ ಹೋಗಿದ್ದರು. ಶೇಖರ ಮುಂದಿನ ಐತವಾರ ರಜೆ ಇಲ್ಲ ಅಂದಿದ್ದ. ಸೇವಂತಿ ನೋಡುವ ಅಂದಿದ್ದಳು. ಆಕೆ ನೋಡುವ ಅಂದರೆ ಬರೋದಿಲ್ಲ ಅಂತ ಹಾಲವ್ವನಿಗೆ ಗೊತ್ತಿತ್ತು.

ತಿರುಗಿ ಬರುವಾಗ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಸೀಟು ಸಿಕ್ಕಿತು. ಎದುರಿಗೆ ಮೀನು ಮಾರುವವಳೊಬ್ಬಳು, ಕಾಲ ಸಂದಿಯಲ್ಲಿ ಖಾಲಿ ಬುಟ್ಟಿ. ಹಾಲವ್ವನ ಹರಿದ ತುಟಿ ನೋಡಿ, ಯಾರು ಹೊಡೆದದ್ದು ಅಂತ ಮರಾಠಿಯಲ್ಲಿ ಕೇಳಿದಳು. ಹಾಲವ್ವ ತನ್ನ ಹರಕು ಮರಾಠಿಯಲ್ಲಿ, ಯಾರೂ ಇಲ್ಲ ಅಂದಳು. ಆಮೇಲೆ, ಐತವಾರ ಬೆಳಿಗ್ಗೆ ನೀನು ಏನು ಮಾಡತೀ ಅಂತ ಕೇಳಿದಳು. ಬಿಲ್ಲಿನ ಮಾತು ಹೇಳಿದಳು, ಕೈ ಎತ್ತಿ ತೋರಿಸಿದಳು.

ಆಕೆ ಬಿದ್ದು ಬಿದ್ದು ನಕ್ಕಳು. ಐತವಾರ ಮೀನು ಬಿಟ್ಟು ನಾನು ಬಾಣ ಬಿಡಲಾ? ಸೋಮವಾರ ಆದರೆ ಬರುತ್ತೇನೆ, ಅವತ್ತು ಮೀನು ಯಾರೂ ತಿನ್ನೋದಿಲ್ಲ.

ಸೋಮವಾರ ನನಗೆ ಕೆಲಸ, ಅಂದಳು ಹಾಲವ್ವ.

ಮಾಹೀಮ್ ಬಂತು. ಆಕೆ ಬುಟ್ಟಿ ಎತ್ತಿಕೊಂಡು, ನಗುತ್ತಲೇ ಇಳಿದು ಹೋದಳು. ಮಲಾಡ್ ಇನ್ನೂ ದೂರ ಇತ್ತು. ಹಾಲವ್ವ ಪಕ್ಕದಲ್ಲಿ ಕೂತವಳ ಕಡೆ ತಿರುಗಿದಳು.