ಟ್ಯಾಂಕಿನೊಳಗಿನ ಸೇವಂತಿಗೆ

ಸೌತೆಕಾಯಿ ಒತ್ತಿದರೆ ಫೋನಿನ ಪರದೆ ಮಾತು ಕೇಳುತ್ತದೆ, ಪೆನ್ಸಿಲ್ ಒತ್ತಿದರೆ ಕೇಳುವುದಿಲ್ಲ. ಯಾಕೆ? ಶಿವಾಜಿನಗರದ ಆತಿಕಾಳ ತಲೆಗೆ ಈ ಹುಳ ಹೊಕ್ಕಿದ್ದು ಶಾಲೆಗೆ ಹೋಗುವಾಗಲೇ. ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಫೋನಿಗೆ ಒತ್ತಿ ನೋಡಿ ತಾಯಿ ಕಮರುನ್ನೀಸಾಳಿಂದ ಬೈಸಿಕೊಳ್ಳುತ್ತಿದ್ದಳು. ನೀರಿನಂಶ ಇರುವುದನ್ನು ವಿದ್ಯುತ್ತು ಬೇಗ ಗುರುತು ಹಿಡಿಯುತ್ತದೆ ಎಂಬುದು ಡಿಪ್ಲೊಮಾ ಓದುವಾಗ ತಿಳಿಯಿತು. ಹುಳ ಮಾತ್ರ ಹೊರಗೆ ಬರಲಿಲ್ಲ. ಒಳ್ಳೆಯದೇ ಆಯಿತು, ಅದೇ ಅವಳಿಗೆ ಕೆಲಸ ಕೊಡಿಸಿತು.

ಈಗ ಅವಳು ಗರುಡಾಚಾರ್‌ಪಾಳ್ಯದ ಸಣ್ಣ ಕಂಪನಿಯೊಂದರ ಪರವಾಗಿ, ಒಣ ಹಿಟ್ಟು ತುಂಬಿಡುವ ಟ್ಯಾಂಕುಗಳಿಗೆ ಸ್ವಿಚ್ ಕೂರಿಸುತ್ತಾಳೆ. ಟ್ಯಾಂಕಿನೊಳಗೆ, ಮೇಲ್ಗಡೆ, ಒಂದು ಕಂಬಿ. ಕಂಬಿಗೂ ಗೋಡೆಗೂ ನಡುವೆ ಬರೀ ಗಾಳಿಯಿದ್ದರೆ ಸುಮ್ಮನಿರುತ್ತದೆ. ಹಿಟ್ಟು ಅಲ್ಲಿಯವರೆಗೆ ಏರಿದರೆ, ಅದರಲ್ಲಿರುವ ಚೂರು ನೀರಿನಂಶವನ್ನೇ ಗುರುತು ಹಿಡಿದು ‘ತುಂಬಿತು’ ಎಂದು ದೀಪ ಹೊತ್ತಿಸಿ, ಹಿಟ್ಟು ಸುರಿಯುವ ಯಂತ್ರವನ್ನು ನಿಲ್ಲಿಸುತ್ತದೆ. ದೀಪದ ಪೆಟ್ಟಿಗೆ ಟ್ಯಾಂಕಿನ ನೆತ್ತಿಯ ಮೇಲೆ, ಕೆಳಗೆ ನಿಂತವರಿಗೂ ಕಾಣುವಂತೆ ಇರುತ್ತದೆ.

ದೊಡ್ಡನೆಕ್ಕುಂದಿಯ ಬ್ರೆಡ್ ಕಾರ್ಖಾನೆಯಲ್ಲಿ ಈ ಸ್ವಿಚ್ ಬರುವ ಮೊದಲು ಏಣಿ ಹತ್ತಿ ಹಿಟ್ಟು ಎಷ್ಟಿದೆಯೆಂದು ನೋಡುತ್ತಿದ್ದವರು ರಾಯಚೂರು ಕಡೆಯ ಹುಸೇನಪ್ಪ. ಮೊಣಕಾಲು ಸವೆದಿತ್ತು. ಮೆಟ್ಟಿಲು ಮೆಟ್ಟಿಲಿಗೂ ಹಲ್ಲು ಕಚ್ಚುತ್ತಿದ್ದರು.

ಆಯುಧಪೂಜೆಯ ರಜೆ ಮುಗಿದ ಬೆಳಿಗ್ಗೆ ಆತಿಕಾಗೆ ಕರೆ ಬಂತು. ಟ್ಯಾಂಕು ಖಾಲಿ, ದೀಪ ಮಾತ್ರ ತುಂಬಿದೆ ಎನ್ನುತ್ತಿದೆ, ಯಂತ್ರ ಹಿಟ್ಟು ಸುರಿಯುತ್ತಿಲ್ಲ. ಅವಳು ಹೋದಾಗ ಮ್ಯಾನೇಜರ್ ವಸಂತ್ ಕಡ್ಡಿ ಮುರಿದಂತೆ ಹೇಳಿದ: “ಇವತ್ತು ಸರಿ ಮಾಡಿ ಮೇಡಂ, ಇಲ್ಲಾಂದ್ರೆ ಸ್ವಿಚ್ ಬಿಚ್ಕೊಂಡು ಹೋಗ್ಬಿಡಿ. ಹುಸೇನಪ್ಪ ಮೊದಲಿನ ಥರಾನೇ ಹತ್ತಿ ನೋಡ್ತಾರೆ.” ಇಷ್ಟು ಹೇಳಿ ಆಫೀಸಿಗೆ ಹೋದ. ಪಕ್ಕದಲ್ಲಿದ್ದ ಹುಸೇನಪ್ಪ ಏಣಿಯನ್ನೊಮ್ಮೆ ನೋಡಿ ತಲೆ ತಗ್ಗಿಸಿದರು.

ವೈರುಗಳು ಸರಿಯಾಗಿದ್ದವು. ಹಾಗಾದರೆ ಕಂಬಿಗೆ ಒದ್ದೆಯದೇನೋ ತಾಗಿರಬೇಕು. ಒಣ ಹಿಟ್ಟಿನ ಟ್ಯಾಂಕಿನಲ್ಲಿ ಒದ್ದೆ ಎಲ್ಲಿಂದ ಬರಬೇಕು? ಆತಿಕಾಗೆ ಸೌತೆಕಾಯಿ ನೆನಪಾಯಿತು. ಮೇಲೆ ಹತ್ತಿ ಮುಚ್ಚಳ ತೆಗೆದಳು. ಕಂಬಿಯ ಬುಡಕ್ಕೆ ಸೇವಂತಿಗೆ ಮಾಲೆ ಸುತ್ತಿತ್ತು, ಅದರ ತುದಿ ಗೋಡೆಗೆ ತಾಗಿತ್ತು. ನೀರು ಚಿಮುಕಿಸಿದ ಹೂವು, ಮುಚ್ಚಿದ ಟ್ಯಾಂಕಿನಲ್ಲಿ ಒಣಗಿರಲಿಲ್ಲ. ಮಾಲೆ ತೆಗೆದೊಡನೆ ದೀಪ ಆರಿತು.

“ಯಾರು ಹಾಕಿದ್ದು ಇದನ್ನ?” ಕೆಳಗಿಳಿದು ಕೇಳಿದಳು. ಸಿಟ್ಟು ಬಂದಿತ್ತು.

“ನಾನೇ ಹಾಕೀನ್ರೀ,” ಎಂದರು ಹುಸೇನಪ್ಪ. “ಎಲ್ಲಾ ಮಷೀನಿಗೂ ಮಾಲಿ ಹಾಕಿದ್ರು. ನನ್ನ ಮೊಣಕಾಲು ಉಳಿಸಿದ್ದು ಇದು. ಇದಕ್ಕೊಂದು ಬ್ಯಾಡೇನ್ರೀ?”

“ಅದಕ್ಕೋಸ್ಕರ ಈ ಕಾಲಲ್ಲಿ ಅಷ್ಟೆತ್ತರ ಹತ್ತಿದ್ರಾ?”

“ಕಡೀ ಸಲ ಅಂತ ಹತ್ತೀನ್ರೀ.”

ಆತಿಕಾಳ ಸಿಟ್ಟು ಎಲ್ಲಿ ಹೋಯಿತೋ. ವಸಂತ್‌ಗೆ ಅವಳು ಹೇಳಿದ್ದು ಇಷ್ಟೇ: “ಒಳಗೆ ಒದ್ದೆ ಸೇರಿತ್ತು ಸರ್. ಇನ್ಮೇಲೆ ಸೇರಲ್ಲ.” ಆಮೇಲೆ ಹೊರಡುವ ಮೊದಲು ಒಂದು ಉದ್ದ ವೈರು ಎಳೆದು, ದೀಪದ ಪೆಟ್ಟಿಗೆಯನ್ನು ಏಣಿಯ ಬುಡಕ್ಕೆ, ಹುಸೇನಪ್ಪನವರ ಎದೆಯ ಎತ್ತರಕ್ಕೆ ಇಳಿಸಿದಳು.

“ಮುಂದಿನ ವರ್ಷ ಮಾಲೆ ಇಲ್ಲಿಗೆ ಹಾಕಿ. ಹತ್ಬೇಡಿ.”

ಹುಸೇನಪ್ಪ ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

“ಆಗ್ಲಿ ತಂಗಿ. ನಿನಗೂ ಒಂದು ಮೊಳ ತರ್ತೀನಿ.”